ಸೆಕೆಂಡ್‌ಹ್ಯಾಂಡ್ ಪಿಸ್ಟನ್ ಹೆಲಿಕಾಪ್ಟರ್: ಕೊಳ್ಳುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಒಣ ಬಯಲಿನ ಊರೊಂದರ ಸಣ್ಣ ಏರ್‌ಪೋರ್ಟಿನಲ್ಲಿ ನಾನು ಹೆಲಿಕಾಪ್ಟರ್ ಮೆಕ್ಯಾನಿಕ್. ದಿನವಿಡೀ ನನ್ನ ಕೈ ಆಡುವುದು ಆರ್22, ಆರ್44 ಯಂತ್ರಗಳ ಮೇಲೆ. ಇಲ್ಲಿನ ಕನ್ನಡಿಗರಲ್ಲಿ ಹೆಲಿಕಾಪ್ಟರ್ ಲೈಸೆನ್ಸ್ ಮಾಡಿಕೊಂಡವರು ಕೆಲವರಿದ್ದಾರೆ. ಬಾಡಿಗೆಗೆ ಹಾರಿಸಿ ಸಾಕಾಗಿ ಸ್ವಂತದ್ದೊಂದು ಬೇಕು ಅನ್ನಿಸಿದಾಗ ಅವರು ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮಾರುಕಟ್ಟೆಯಲ್ಲಿ ಯಾವ್ಯಾವ ಯಂತ್ರ ಸಿಗುತ್ತವೆ?

ಬಹುತೇಕ ರಾಬಿನ್ಸನ್ ಕಂಪನಿಯವು. ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ತಯಾರಾಗುವ ಎರಡು ಸೀಟಿನ ಆರ್22 1979ರಲ್ಲಿ, ನಾಲ್ಕು ಸೀಟಿನ ಆರ್44 1992ರಲ್ಲಿ ಸರ್ಟಿಫಿಕೇಟ್ ಪಡೆದವು. ಎರಡೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಆದ್ದರಿಂದ ಬಿಡಿಭಾಗ, ಬಲ್ಲ ಮೆಕ್ಯಾನಿಕ್, ಕಲಿಸುವ ಗುರು, ಎಲ್ಲವೂ ಸುಲಭವಾಗಿ ಸಿಗುತ್ತವೆ.

ಶ್ವೈಟ್ಸರ್ 300 ಹಳೆಯ ಹ್ಯೂಸ್ 269ರ ವಂಶದ್ದು. ಅಮೆರಿಕದ ಸೇನೆ ಆ 269ನ್ನೇ ಟಿಎಚ್-55 ಎಂಬ ಹೆಸರಿನಲ್ಲಿಟ್ಟುಕೊಂಡು ಪೈಲಟ್‌ಗಳಿಗೆ ಕಲಿಸಿತು. ಗಟ್ಟಿಮುಟ್ಟಾದ ಯಂತ್ರ. ಆದರೆ ಕಂಪನಿ 2004ರಲ್ಲಿ ಸಿಕೋರ್ಸ್ಕಿ ಕೈಗೆ ಹೋಯಿತು, 2018ರಲ್ಲಿ ಮತ್ತೆ ಕೈಬದಲಾಯಿಸಿತು. ಈ ನಡುವೆ ಬಿಡಿಭಾಗಕ್ಕಾಗಿ ಮಾಲೀಕರು ಬಹಳ ಒದ್ದಾಡಿದರು. ಮಿಶಿಗನ್‌ನ ಎನ್‌ಸ್ಟ್ರಾಂ 2022ರಲ್ಲಿ ದಿವಾಳಿಯಾಗಿ, ಅದೇ ವರ್ಷ ಹೊಸ ಮಾಲೀಕರು ಸಿಕ್ಕರು. ಫ್ರಾನ್ಸಿನ ಕ್ಯಾಬ್ರಿ ಜಿ2 ಹೊಸ ಕಾಲದ ಯಂತ್ರ. ಮೂರು ಬ್ಲೇಡು, ಬಾಲದಲ್ಲಿ ಗೂಡಿನೊಳಗೆ ತಿರುಗುವ ಫ್ಯಾನು. ಹಳೆಯದು ಮಾರಾಟಕ್ಕೆ ಬರುವುದು ಕಡಿಮೆ, ಬಂದರೂ ಬೆಲೆ ಇಳಿದಿರುವುದಿಲ್ಲ. ಅದರ ಮುಖ್ಯ ರೋಟರ್ ರಾಬಿನ್ಸನ್‌ಗೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಆರ್22ರಲ್ಲಿ ಕಲಿತ ಕಾಲಿಗೆ ಪೆಡಲ್ ಅಭ್ಯಾಸ ಮತ್ತೆ ಮಾಡಿಸಬೇಕು. ಬೆಲ್ 47 ಕೇಳುವವರೂ ಇದ್ದಾರೆ. 1946ರಲ್ಲಿ ಸರ್ಟಿಫಿಕೇಟ್ ಪಡೆದ ಮೊದಲ ನಾಗರಿಕ ಹೆಲಿಕಾಪ್ಟರ್ ಅದು. ಪ್ರೀತಿಯಿಂದ ಸಾಕುವವರಿಗೆ ಸರಿ, ಮೊದಲ ಸಲ ಕೊಳ್ಳುವವರಿಗೆ ಬೇಡ.

ಮುಂದಿನ ಮಾತೆಲ್ಲ ಹೆಚ್ಚಾಗಿ ರಾಬಿನ್ಸನ್ ಬಗ್ಗೆ.

ಜಾಹೀರಾತಿನಲ್ಲಿ ‘700 ಗಂಟೆ ಉಳಿದಿದೆ’ ಅಂತ ಬರೆದಿರುತ್ತಾರೆ. ಹಾಗಂದರೇನು?

ಇದೊಂದು ಅರ್ಥವಾದರೆ ಅರ್ಧ ವ್ಯವಹಾರ ಅರ್ಥವಾದ ಹಾಗೆ.

ಕಾರಿನಲ್ಲಿ ಕೆಟ್ಟದ್ದನ್ನು ಬದಲಾಯಿಸುತ್ತೇವೆ. ಹೆಲಿಕಾಪ್ಟರಿನಲ್ಲಿ ಚೆನ್ನಾಗಿರುವುದನ್ನೂ ಆಯುಸ್ಸು ಮುಗಿಯಿತೆಂದು ಬಿಚ್ಚಿ ತೆಗೆಯುತ್ತೇವೆ. ಆರ್22, ಆರ್44 ಎರಡಕ್ಕೂ ರಾಬಿನ್ಸನ್ ಇಟ್ಟಿರುವ ಗಡಿ 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಅಷ್ಟಾದ ಮೇಲೆ ಪೂರ್ತಿ ಓವರ್‌ಹಾಲ್. ಎಂಜಿನ್, ಗೇರ್‌ಬಾಕ್ಸ್, ಬ್ಲೇಡುಗಳು, ಬೇರಿಂಗುಗಳು, ಬೆಲ್ಟುಗಳು, ಎಲ್ಲವೂ ಹೊಸದಾಗಬೇಕು ಇಲ್ಲವೇ ಫ್ಯಾಕ್ಟರಿಯಲ್ಲಿ ಮರುಜನ್ಮ ಪಡೆದು ಬರಬೇಕು. ಖರ್ಚು ಲಕ್ಷ ಡಾಲರ್ ದಾಟುತ್ತದೆ, ಆರ್44 ಆದರೆ ಅದಕ್ಕೂ ಬಹಳ ಮೇಲೆ.

ಹಾಗಾಗಿ ನೀವು ದುಡ್ಡು ಕೊಡುವುದು ಬಣ್ಣ ಬಳಿದ ಆ ಯಂತ್ರಕ್ಕಲ್ಲ, ಅದರಲ್ಲಿ ಉಳಿದಿರುವ ಗಂಟೆಗಳಿಗೆ ಮತ್ತು ತಿಂಗಳುಗಳಿಗೆ. ಜಾಹೀರಾತಿನವರು ಗಂಟೆಯನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ. ನೀವು ತಿಂಗಳನ್ನು ಕೇಳಿ.

ಕ್ಯಾಲೆಂಡರ್ ಅಷ್ಟು ಮುಖ್ಯವೇ?

ಖಾಸಗಿಯಾಗಿ ಹಾರಿಸುವವರಿಗೆ ಗಂಟೆಗಿಂತಲೂ ಮುಖ್ಯ. ಲೆಕ್ಕ ಸುಲಭವಾಗಲೆಂದು ಓವರ್‌ಹಾಲ್ ಖರ್ಚು 2,20,000 ಡಾಲರ್ ಅಂತ ಇಟ್ಟುಕೊಳ್ಳೋಣ. 2200 ಗಂಟೆಯನ್ನೂ ಬಳಸಿದರೆ ಗಂಟೆಗೆ 100 ಡಾಲರ್ ಬದಿಗಿಡಬೇಕು. ಕಲಿಸುವ ಶಾಲೆಗಳು ಐದಾರು ವರ್ಷದಲ್ಲಿ ಅಷ್ಟೂ ಗಂಟೆ ಹಾರಿಸಿಬಿಡುತ್ತವೆ, ಅವರಿಗೆ ಈ ಲೆಕ್ಕ ಸರಿ. ನೀವು ವಾರಾಂತ್ಯದಲ್ಲಿ ಹಾರಿಸುತ್ತೀರಿ. ವರ್ಷಕ್ಕೆ 100 ಗಂಟೆಯಾದರೆ 12 ವರ್ಷಕ್ಕೆ 1200. ಆಗ ಗಂಟೆಗೆ 183 ಡಾಲರ್ ಬೀಳುತ್ತದೆ. ವರ್ಷಕ್ಕೆ 50 ಗಂಟೆಯಾದರೆ ಗಂಟೆಗೆ 367. ಪೆಟ್ರೋಲು, ಹ್ಯಾಂಗರ್ ಬಾಡಿಗೆ, ವಿಮೆ ಎಲ್ಲ ಇದರ ಮೇಲೆ.

ಹೀಗಾಗಿ ‘1500 ಗಂಟೆ ಉಳಿದಿದೆ, ಎರಡು ವರ್ಷ ಉಳಿದಿದೆ’ ಅನ್ನುವ ಯಂತ್ರದಲ್ಲಿ ನಿಮ್ಮ ಪಾಲಿಗೆ ಉಳಿದಿರುವುದು ಎರಡು ವರ್ಷ, ಅಷ್ಟೇ. ಇನ್ನೊಂದು ಕಡೆ ‘600 ಗಂಟೆ, ಏಳು ವರ್ಷ’ ಅನ್ನುವ ಯಂತ್ರ ಕಡಿಮೆ ಹಾರಿಸುವವರಿಗೆ ಹೊಂದುತ್ತದೆ. ನಾನು ಮೊದಲು ಹುಡುಕುವುದು ಇಂಥದ್ದನ್ನೇ.

12 ವರ್ಷ ಮುಗಿದರೂ ಹಾರಿಸಬಹುದು ಅಂತ ಮಾರುವವರು ಹೇಳಿದರು. ನಿಜವೇ?

ಅರ್ಧ ನಿಜ. ಅಮೆರಿಕದಲ್ಲಿ ಖಾಸಗಿ ಬಳಕೆಗೆ ತಯಾರಕರ ಓವರ್‌ಹಾಲ್ ಗಡಿ ಹೆಚ್ಚಿನಂಶ ಶಿಫಾರಸು. ಆದರೆ ಮೆಂಟೆನೆನ್ಸ್ ಕೈಪಿಡಿಯ ‘ಏರ್‌ವರ್ದಿನೆಸ್ ಲಿಮಿಟೇಷನ್ಸ್’ ಅಧ್ಯಾಯದಲ್ಲಿ ಏನಿದೆಯೋ ಅದು ಕಾನೂನು. ಮುಖ್ಯ ರೋಟರ್ ಬ್ಲೇಡುಗಳು ಆ ಅಧ್ಯಾಯದಲ್ಲಿವೆ. ಅವಕ್ಕೆ 12 ವರ್ಷ ಅಂದರೆ 12 ವರ್ಷ. ಬೇರೆ ದೇಶಗಳ ನಿಯಮ ಬೇರೆ. ಬಾಡಿಗೆ ಹಾರಾಟಕ್ಕೆ ಕೊಡುವ ಯೋಚನೆಯಿದ್ದರೆ ಇಲ್ಲಿಯೂ ನಿಯಮ ಬಿಗಿಯಾಗುತ್ತದೆ. ಕಾನೂನಿನ ಮಾತು ಬಿಟ್ಟರೂ ರಬ್ಬರ್ ಸೀಲು, ಗ್ರೀಸು, ಅಂಟು ಹಾಕಿ ಕೂಡಿಸಿದ ಲೋಹ, ಇವು ಹಾರದೆ ನಿಂತರೂ ಮುಪ್ಪಾಗುತ್ತವೆ. ವರ್ಷ ಮುಗಿದ ಯಂತ್ರವನ್ನು ನಾನು ಯಾರಿಗೂ ಕೊಳ್ಳಿರೆಂದು ಹೇಳಿಲ್ಲ. ಕೊಂಡರೂ ಓವರ್‌ಹಾಲಿಗೆ ನೇರ ಕಳಿಸುವ ಲೆಕ್ಕದಲ್ಲಿ, ಆ ಖರ್ಚನ್ನು ಬೆಲೆಯಿಂದ ಕಳೆದು ಕೊಳ್ಳಬೇಕು.

ತುಂಬ ಕಡಿಮೆ ಹಾರಿದ, ಹ್ಯಾಂಗರಿನಲ್ಲೇ ಇದ್ದ ಯಂತ್ರ ಒಳ್ಳೆಯದಲ್ಲವೇ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನನಗೆ ಭಯವಿರುವುದೇ ಅಂಥವುಗಳ ಮೇಲೆ.

ಆರ್22, ಆರ್44 ಎರಡರಲ್ಲೂ ಇರುವುದು ಲೈಕಮಿಂಗ್ ಎಂಜಿನ್. ಅದರ ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಸುವ ದಂಡ) ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲುಗಡೆ. ಎಂಜಿನ್ ನಿಂತ ಮೇಲೆ ಆಯಿಲ್ ಮೆಲ್ಲಗೆ ಕೆಳಗಿಳಿಯುತ್ತದೆ, ಕ್ಯಾಮ್ ಒಣಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಕ್ಯಾಮಿನ ಮೇಲೆ, ಅದು ಒತ್ತುವ ಟ್ಯಾಪೆಟ್ ಮುಖದ ಮೇಲೆ ತುಕ್ಕಿನ ಚುಕ್ಕೆ ಏಳುತ್ತವೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆ ಚುಕ್ಕೆಯ ಜಾಗದಲ್ಲಿ ಲೋಹ ಹಕ್ಕಳೆಯಾಗಿ ಏಳುತ್ತದೆ, ಆ ಚೂರುಗಳು ಆಯಿಲಿನೊಂದಿಗೆ ಎಂಜಿನ್ನೆಲ್ಲ ಸುತ್ತುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಸದ್ದೂ ಬದಲಾಗುವುದಿಲ್ಲ.

‘ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದೆವು’ ಅಂತ ಮಾರುವವರು ಹೇಳಿದರೆ ಇನ್ನೂ ಎಚ್ಚರವಾಗಿರಿ. ಪೆಟ್ರೋಲು ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಒಂದು ಗಂಟೆ ಹಾರಿಸಿದರೆ ಆಯಿಲ್ ಚೆನ್ನಾಗಿ ಕಾದು ಆ ನೀರು ಹೊರಟುಹೋಗುತ್ತದೆ, ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಹೋಗುವುದಿಲ್ಲ. ಹೀಗೆ ವಾರವಾರವೂ ಒಳಗೆ ನೀರು ಹಾಕಿಟ್ಟಂತಾಗುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಫೋನ್ ಮಾಡಿದ. ಹಾಸನದ ಕಡೆಯವನು. “ಅಣ್ಣಾ, ಸಮುದ್ರದ ದಂಡೆ ಊರಿನಲ್ಲಿ ಆರ್44 ಇದೆ. ಐದು ವರ್ಷದಲ್ಲಿ ಬರೀ 90 ಗಂಟೆ ಹಾರಿದೆ, ಹೊಳೀತಾ ಇದೆ. ಅಡ್ವಾನ್ಸ್ ಕೊಟ್ಟುಬಿಡ್ಲಾ?” ಅಂದ. “ತಡಿಯಪ್ಪ, ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿಸು ಮೊದಲು” ಅಂದೆ. ಅಲ್ಲಿನ ಮೆಕ್ಯಾನಿಕ್ ಫಿಲ್ಟರಿನ ಕಾಗದದ ಮಡಿಕೆ ಬಿಡಿಸಿ ಫೋಟೋ ಕಳಿಸಿದರು. ಮಡಿಕೆ ಮಡಿಕೆಯಲ್ಲೂ ಬೆಳ್ಳಿಪುಡಿ ಚೆಲ್ಲಿದ ಹಾಗೆ ಮಿಂಚು. ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತಿತ್ತು. ಕಬ್ಬಿಣ, ಅಂದರೆ ಕ್ಯಾಮ್ ಅಥವಾ ಟ್ಯಾಪೆಟ್. ಹುಡುಗ ಕೊಳ್ಳಲಿಲ್ಲ. ಆರು ತಿಂಗಳು ಕಾದು, ವಾರಕ್ಕೆರಡು ಸಲ ಹಾರುತ್ತಿದ್ದ, ಬಣ್ಣ ಮಾಸಿದ ಯಂತ್ರವೊಂದನ್ನು ಕೊಂಡ. ಅದು ಇವತ್ತಿಗೂ ನನ್ನ ಹ್ಯಾಂಗರಿಗೆ ಇನ್‌ಸ್ಪೆಕ್ಷನ್‌ಗೆ ಬರುತ್ತದೆ.

ಲಾಗ್‌ಬುಕ್ಕಿನಲ್ಲಿ ಏನು ನೋಡಬೇಕು?

ಯಂತ್ರ ನೋಡಲು ಟಿಕೆಟ್ ಕೊಳ್ಳುವ ಮುಂಚೆ ಲಾಗ್‌ಬುಕ್ಕಿನ ಎಲ್ಲ ಪುಟಗಳ ಸ್ಕ್ಯಾನ್ ತರಿಸಿಕೊಳ್ಳಿ. ‘ಎಲ್ಲ’ ಅನ್ನುವುದು ಮುಖ್ಯ. ಏರ್‌ಫ್ರೇಮಿನದು, ಎಂಜಿನ್ನಿನದು, ಬಿಡಿಭಾಗಗಳ ಆಯುಸ್ಸಿನ ಪಟ್ಟಿ, ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳ (ಸರ್ಕಾರ ಹೊರಡಿಸುವ ಕಡ್ಡಾಯ ಸುರಕ್ಷತಾ ಆದೇಶಗಳ) ಪಟ್ಟಿ. ನಡುವೆ ಒಂದು ಪುಸ್ತಕ ‘ಕಳೆದುಹೋಗಿದೆ’ ಅಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಆಯುಸ್ಸಿರುವ ಭಾಗಕ್ಕೆ ಕಾಗದವಿಲ್ಲದಿದ್ದರೆ ಆ ಭಾಗಕ್ಕೆ ಆಯುಸ್ಸೇ ಇಲ್ಲ. ಕಣ್ಣಿಗೆ ಎಷ್ಟೇ ಹೊಸದಾಗಿ ಕಂಡರೂ ಅದು ಗುಜರಿ.

ಭಾಗದ ಸೀರಿಯಲ್ ನಂಬರನ್ನು ಕಾಗದದ ಜೊತೆ ತಾಳೆ ನೋಡಿ. ಬ್ಲೇಡಿನ ಬುಡದಲ್ಲಿ, ಗೇರ್‌ಬಾಕ್ಸಿನ ಮೇಲೆ, ಟೇಲ್ ರೋಟರಿನಲ್ಲಿ ನಂಬರ್ ಇರುತ್ತದೆ. ಒಂದು ಅಂಕಿ ಹೊಂದದಿದ್ದರೂ ಅದು ಬರೆಯುವಾಗಿನ ತಪ್ಪೋ ಭಾಗವೇ ಬೇರೆಯೋ ಅಂತ ಇತ್ಯರ್ಥವಾಗುವವರೆಗೆ ಮುಂದೆ ಹೋಗಬೇಡಿ.

‘ಟೇಲ್‌ಕೋನ್ (ಬಾಲದ ಭಾಗ) ಬದಲಾಯಿಸಲಾಗಿದೆ’, ‘ಸ್ಕಿಡ್ ಕ್ರಾಸ್‌ಟ್ಯೂಬ್ (ನಿಲ್ಲುವ ಕಾಲುಗಳ ಅಡ್ಡಕೊಳವೆ) ಬದಲಾಯಿಸಲಾಗಿದೆ’ ಎಂಬ ಸಾಲು ಕಂಡರೆ ಯಾಕೆ ಅಂತ ಕೇಳಿ. ಸುಮ್ಮನೆ ಯಾರೂ ಟೇಲ್‌ಕೋನ್ ಬದಲಾಯಿಸುವುದಿಲ್ಲ. ಎಲ್ಲೋ ಜೋರಾಗಿ ನೆಲಕ್ಕೆ ಕೂತಿದೆ, ಇಲ್ಲವೇ ಬಾಲ ಏನಕ್ಕೋ ತಗುಲಿದೆ. ಸರಿಯಾಗಿ ರಿಪೇರಿಯಾಗಿದ್ದರೆ ತೊಂದರೆಯಿಲ್ಲ, ಬಚ್ಚಿಟ್ಟಿದ್ದರೆ ತೊಂದರೆ. ರೋಟರ್ ಓವರ್‌ಸ್ಪೀಡ್ ಆಗಿದ್ದರೆ ಅದೂ ಬರೆದಿರಬೇಕು, ಆಮೇಲೆ ಮಾಡಿದ ತಪಾಸಣೆಯೂ ಬರೆದಿರಬೇಕು. ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿಯ ದಾಖಲೆಗಳು ಸಾರ್ವಜನಿಕ, ಯಂತ್ರದ ರಿಜಿಸ್ಟ್ರೇಷನ್ ನಂಬರ್, ಅಂದರೆ ಎನ್ ನಂಬರ್ ಹಾಕಿ ನೀವೇ ಹುಡುಕಬಹುದು. ನಂಬರ್ ಬದಲಾಗಿರಬಹುದಾದ್ದರಿಂದ ಸೀರಿಯಲ್ ನಂಬರಿನಿಂದಲೂ ಹುಡುಕಿ.

ಮೀಟರ್ ತಿದ್ದಿರುತ್ತಾರೆಯೇ?

ತಿದ್ದುವುದಕ್ಕಿಂತ ಬರೆಯದೆ ಬಿಡುವುದು ಹೆಚ್ಚು. ಕೆಲವು ಯಂತ್ರಗಳಲ್ಲಿ ಗಂಟೆ ಮೀಟರ್ ಆಯಿಲ್ ಪ್ರೆಶರ್ ಬಂದಾಗ ಓಡುತ್ತದೆ, ಕೆಲವುಗಳಲ್ಲಿ ಕಲೆಕ್ಟಿವ್ (ಯಂತ್ರವನ್ನು ಮೇಲೇರಿಸಲು, ಇಳಿಸಲು ಇರುವ ಕೈಗೋಲು) ಎತ್ತಿದಾಗ. ಎರಡನೆಯದು ಕಡಿಮೆ ಗಂಟೆ ತೋರಿಸುತ್ತದೆ, ಅದಕ್ಕೆ ಅನುಮತಿಯೂ ಇದೆ. ಮೋಸ ಅಂದರೆ ಮೀಟರ್ ಕನೆಕ್ಷನ್ ಕಿತ್ತು ಹಾರಿಸುವುದು. ಇದು ಬ್ಲೇಡಿನ ಮತ್ತು ಬೇರಿಂಗಿನ ನಿಜವಾದ ವಯಸ್ಸನ್ನು ಮುಚ್ಚುವ ಕೆಲಸ, ಮುಂದೆ ಹಾರುವವರ ಜೀವದ ಜೊತೆ ಆಟ. ಎಷ್ಟು ಗಂಟೆ ಅನ್ನುವುದರ ಜೊತೆ ಎಂಥ ಗಂಟೆ ಅಂತಲೂ ಕೇಳಿ. ಆಸ್ಟ್ರೇಲಿಯಾದಲ್ಲಿ ಆರ್22 ಬಳಸಿ ಸಾವಿರಾರು ಎಕರೆ ಬಯಲಿನಲ್ಲಿ ದನ ಅಟ್ಟುತ್ತಾರೆ. ನೆಲಕ್ಕೆ ತೀರ ಹತ್ತಿರ, ಕ್ಷಣಕ್ಷಣಕ್ಕೂ ಪೂರ್ತಿ ಪವರ್ ಎಳೆಯುವ ಹಾರಾಟ ಅದು. ಅಂಥ ಕೆಲಸ ಮಾಡಿ ಬಂದ ಯಂತ್ರದ ಪ್ರತಿ ಗಂಟೆಯೂ ದುಬಾರಿ ಗಂಟೆ. ಆಯಿಲ್ ಬದಲಾಯಿಸಿದ ದಿನಾಂಕ, ಪೆಟ್ರೋಲ್ ಬಿಲ್ಲು, ವರ್ಷದ ಇನ್‌ಸ್ಪೆಕ್ಷನ್‌ನಲ್ಲಿ ಬರೆದ ಗಂಟೆ, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸುಳ್ಳು ಸಾಮಾನ್ಯವಾಗಿ ಹೊರಬೀಳುತ್ತದೆ.

ಈಗಷ್ಟೇ ಆನ್ಯುಯಲ್ ಇನ್‌ಸ್ಪೆಕ್ಷನ್ ಆಗಿದೆ. ಮತ್ತೆ ಪ್ರೀ-ಬೈ, ಅಂದರೆ ಕೊಳ್ಳುವ ಮುಂಚಿನ ತಪಾಸಣೆ ಬೇಕೇ?

ಬೇಕು. ಆನ್ಯುಯಲ್ ಮಾಡಿದವರು ಮಾರುವವರ ಮೆಕ್ಯಾನಿಕ್. ಅವರು ನೋಡುವುದು ‘ಇವತ್ತು ಹಾರಲು ಯೋಗ್ಯವೇ’ ಎಂಬುದನ್ನು. ನಿಮಗೆ ಬೇಕಾಗಿರುವುದು ‘ನಾಳೆ ಏನು ಖರ್ಚು ಬರುತ್ತದೆ’ ಎಂಬುದು. ಆ ಯಂತ್ರವನ್ನು ಹಿಂದೆ ಮುಟ್ಟಿರದ, ರಾಬಿನ್ಸನ್ ಫ್ಯಾಕ್ಟರಿ ಕೋರ್ಸ್ ಮಾಡಿರುವ ಮೆಕ್ಯಾನಿಕ್ ನೋಡಲಿ. ಅವರ ಎರಡು ದಿನದ ಕೂಲಿ ಕೊಡಲು ಹಿಂಜರಿಯಬೇಡಿ.

ಅವರಿಂದ ಏನೇನು ಮಾಡಿಸಬೇಕು ಎಂದರೆ, ಮೊದಲು ಸಿಲಿಂಡರ್‌ಗಳ ಕಂಪ್ರೆಷನ್ ಪರೀಕ್ಷೆ. 80 ಪಿಎಸ್‌ಐ ಒತ್ತಡ ಹಾಕಿದಾಗ 70ರ ಮೇಲೆ ನಿಂತರೆ ನೆಮ್ಮದಿ, 60ರ ಕೆಳಗಿಳಿದರೆ ಸಿಲಿಂಡರ್ ಬಿಚ್ಚುವ ಮಾತು. ಬೋರ್‌ಸ್ಕೋಪ್ (ಒಳಗಿಳಿಸಿ ನೋಡುವ ಸಣ್ಣ ಕ್ಯಾಮೆರಾ) ಇಳಿಸಿ ಎಕ್ಸಾಸ್ಟ್ ವಾಲ್ವಿನ ಮುಖ ನೋಡಬೇಕು. ವಾಲ್ವ್ ಗೈಡ್ ಸವೆತಕ್ಕೆ ಲೈಕಮಿಂಗ್ ಸರ್ವಿಸ್ ಬುಲೆಟಿನ್ (ತಯಾರಕರ ಸೂಚನಾಪತ್ರ) ಎಸ್‌ಬಿ 388ರ ಪರೀಕ್ಷೆ ಯಾವಾಗ ಮಾಡಿದ್ದು ಅಂತ ಕೇಳಬೇಕು, ಹೆಲಿಕಾಪ್ಟರಿಗೆ ಅದು 300 ಗಂಟೆಗೊಮ್ಮೆ. ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಮ್ಯಾಗ್ನೆಟೋದ 500 ಗಂಟೆಯ ಸರ್ವಿಸ್ ಆಗಿದೆಯೇ, ಫಿಲ್ಟರ್ ಕತ್ತರಿಸಿದರೆ ಏನು ಸಿಕ್ಕಿತು, ಎರಡೂ ಗೇರ್‌ಬಾಕ್ಸಿನ ಚಿಪ್ ಡಿಟೆಕ್ಟರ್ (ಲೋಹದ ಚೂರು ಹಿಡಿಯುವ ಆಯಸ್ಕಾಂತ) ಬಿಚ್ಚಿದರೆ ಏನು ಅಂಟಿತ್ತು, ಇವೂ ಬೇಕು. ಫ್ರೇಮು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳದ್ದು. ಮೂಲೆಗಳಲ್ಲಿ ಬಣ್ಣದಡಿ ತುಕ್ಕು, ಬೆಸುಗೆಯ ಬಳಿ ಬಿರುಕು ಹುಡುಕಬೇಕು.

ನಾನು ಮೆಕ್ಯಾನಿಕ್ ಅಲ್ಲ. ನನ್ನ ಕಣ್ಣಿಗೆ ಏನಾದರೂ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಎಂಜಿನ್ನಿನ ಶಕ್ತಿ ರೋಟರಿಗೆ ಹೋಗುವುದು ರಬ್ಬರ್ ವಿ-ಬೆಲ್ಟುಗಳ ಮೂಲಕ. ಟಾರ್ಚ್ ಹಿಡಿದು ನೋಡಿ. ಅಂಚು ನಾರು ನಾರಾಗಿ ಎದ್ದಿದ್ದರೆ, ಬೆಲ್ಟು ಓಡುವ ಚಕ್ರದ ತೋಡಿನಲ್ಲಿ ಹೊಳಪು ಕಳೆದು ಒರಟಾಗಿದ್ದರೆ ಬರೆದಿಟ್ಟುಕೊಳ್ಳಿ. ಬೇರಿಂಗುಗಳ ಮೇಲೆ ಶಾಖ ತೋರಿಸುವ ಸಣ್ಣ ಪಟ್ಟಿ ಅಂಟಿಸಿರುತ್ತದೆ. ಮಿತಿ ದಾಟಿದರೆ ಅದರ ಮನೆಗಳು ಒಂದೊಂದಾಗಿ ಕಪ್ಪಾಗುತ್ತವೆ, ಮತ್ತೆ ಬಿಳುಪಾಗುವುದಿಲ್ಲ. ಹಳೆಯ ಯಂತ್ರದಲ್ಲಿ ಹೊಚ್ಚ ಹೊಸ ಪಟ್ಟಿ ಕಂಡರೆ ಯಾವಾಗ, ಯಾಕೆ ಬದಲಾಯಿಸಿದಿರಿ ಅಂತ ಕೇಳಿ.

ಹಿಂದೆ ನಿಂತು ಸ್ಕಿಡ್ ನೋಡಿ. ಎರಡೂ ಕಾಲು ಸಮವಾಗಿ ನಿಂತಿವೆಯೇ, ಒಂದು ಕಡೆ ಹೆಚ್ಚು ಹರಡಿದೆಯೇ? ಬಾಲ ನೆಲಕ್ಕೆ ತೀರ ಹತ್ತಿರ ಬಂದಿದೆಯೇ? ಕಲಿಯುವವರು ಬಹಳ ಸಲ ಧಡ್ ಅಂತ ಇಳಿಸಿದ ಯಂತ್ರ ಹೀಗೆ ಕಾಲು ಚಾಚುತ್ತದೆ. ಹಾರಿಸಿ ನೋಡುವಾಗ ಕ್ಲಚ್ ದೀಪ (ಬೆಲ್ಟಿನ ಬಿಗಿ ಸರಿಪಡಿಸುವಾಗ ಉರಿಯುವಂಥದ್ದು) ಪದೇ ಪದೇ ಮಿನುಗುತ್ತದೆಯೇ, ಸೀಟಿನಲ್ಲಿ ನಡುಕ ಎಷ್ಟು ಅಂತ ಗಮನಿಸಿ. ಆಟೊರೊಟೇಷನ್‌ಗೆ (ಎಂಜಿನ್ ಶಕ್ತಿಯಿಲ್ಲದೆ ಇಳಿಯುವುದಕ್ಕೆ) ಹೋದಾಗ ರೋಟರ್ ಆರ್‌ಪಿಎಂ ಎಷ್ಟಕ್ಕೆ ನಿಲ್ಲುತ್ತದೆ ಅಂತ ಗುರುವಿನ ಜೊತೆ ಹೋಗಿ ನೋಡಿ, ಒಬ್ಬರೇ ಬೇಡ.

ಬ್ಲೇಡಿನ ಬಗ್ಗೆ ಏನೋ ಸಮಸ್ಯೆ ಇತ್ತಂತೆ?

ಇತ್ತು. ಬ್ಲೇಡಿನ ಹೊರಹಾಳೆಯನ್ನು ಮುಂಭಾಗದ ಸ್ಪಾರಿಗೆ, ಅಂದರೆ ಬ್ಲೇಡಿನ ಬೆನ್ನೆಲುಬಿಗೆ, ಅಂಟಿನಿಂದ ಕೂಡಿಸಿರುತ್ತಾರೆ. ಧೂಳು, ಮಳೆ ಬಡಿದು ತುದಿಯ ಬಳಿ ಬಣ್ಣ ಸವೆದು ಅಂಟಿನ ಗೆರೆ ಬಯಲಾದರೆ, ಅಲ್ಲಿಂದ ಹಾಳೆ ಬಿಡಲು ಶುರುವಾಗುತ್ತದೆ. ಇದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 2007ರಿಂದ ಹಲವು ಬಾರಿ ಡೈರೆಕ್ಟಿವ್ ಹೊರಡಿಸಿತು. ಮುಂದೆ ರಾಬಿನ್ಸನ್ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಬಿಟ್ಟು ಅಲ್ಯೂಮಿನಿಯಂ ಹಾಳೆಯ ಬ್ಲೇಡು ತಂದಿತು. ಆರ್44ರಲ್ಲಿ ಭಾಗದ ನಂಬರಿನ ಕೊನೆಗೆ -7 ಇದ್ದರೆ ಅದು ಈ ಹೊಸ ಬ್ಲೇಡು. ಹಳೆಯ ಬ್ಲೇಡಿನ ಯಂತ್ರ ಕಂಡರೆ ಬೆಲೆ ಮಾತಾಡಲೂ ಹೋಗದೆ ಬಿಟ್ಟುಬನ್ನಿ.

ಅಂಟು ಬಿಟ್ಟಿದೆಯೇ ಅಂತ ನೋಡಲು ನಾವು ನಾಣ್ಯದಿಂದ ತಟ್ಟುತ್ತೇವೆ. 1965 ಅಥವಾ ಆಮೇಲಿನ ಕ್ವಾರ್ಟರ್ ಡಾಲರ್ ನಾಣ್ಯ ಅಂತ ವಿಧಾನದಲ್ಲೇ ಬರೆದಿದೆ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಬಿಟ್ಟ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುತ್ತಿದ್ದ ಅಜ್ಜಿಯ ಕಿವಿ ಇಲ್ಲಿ ಬೇಕು.

ಪೆಟ್ರೋಲ್ ಟ್ಯಾಂಕ್ ಬದಲಾಯಿಸಿರಬೇಕು ಅನ್ನುತ್ತಾರೆ. ಯಾಕೆ?

ಹಳೆಯ ಆರ್44ರಲ್ಲಿ ಬರೀ ಅಲ್ಯೂಮಿನಿಯಂ ಟ್ಯಾಂಕು. ಬದುಕಿ ಉಳಿಯಬಹುದಾದಂಥ ಅಪಘಾತದಲ್ಲೂ ಅದು ಒಡೆದು ಬೆಂಕಿ ಹತ್ತುತ್ತಿತ್ತು. ಒಳಗೆ ರಬ್ಬರ್ ಚೀಲವಿರುವ ಟ್ಯಾಂಕ್ ಹಾಕಿಸಿ ಅಂತ ರಾಬಿನ್ಸನ್ ಎಸ್‌ಬಿ-78 ಎಂಬ ಸರ್ವಿಸ್ ಬುಲೆಟಿನ್ ಹೊರಡಿಸಿತು. 2013ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಬುಲೈ ಟಾಪ್ಸ್‌ನಲ್ಲಿ ಆರ್44 ಒಂದು ಬಿದ್ದು ಬೆಂಕಿಯಲ್ಲಿ ನಾಲ್ವರು ತೀರಿಕೊಂಡರು. ಅದರಲ್ಲಿ ಚೀಲದ ಟ್ಯಾಂಕ್ ಇರಲಿಲ್ಲ. ಅದೇ ಏಪ್ರಿಲ್ ಕೊನೆಗೆ ಆ ದೇಶ ಚೀಲವಿಲ್ಲದ ಆರ್44ಗಳ ಹಾರಾಟ ನಿಲ್ಲಿಸಿತು. ಅಮೆರಿಕದಲ್ಲಿ ಖಾಸಗಿ ಮಾಲೀಕರಿಗೆ ಸರ್ವಿಸ್ ಬುಲೆಟಿನ್ ತಾನಾಗಿಯೇ ಕಡ್ಡಾಯವಾಗುವುದಿಲ್ಲ. ಹಾಗಾಗಿ ನೀವೇ ಕೇಳಬೇಕು, ಲಾಗ್‌ಬುಕ್ಕಿನಲ್ಲಿ ಆ ಸಾಲು ಕಣ್ಣಾರೆ ನೋಡಬೇಕು. ಚೀಲವಿಲ್ಲದ ಯಂತ್ರದಲ್ಲಿ ನಾನು ನನ್ನ ಮಕ್ಕಳನ್ನು ಕೂರಿಸುವುದಿಲ್ಲ.

ಆರ್22 ತೆಗೆದುಕೊಳ್ಳಲೋ, ಆರ್44 ತೆಗೆದುಕೊಳ್ಳಲೋ?

ಮನೆಯ ತೂಕದ ಯಂತ್ರದ ಮೇಲೆ ನಿಂತು ಬನ್ನಿ. ಆರ್22 ಒಟ್ಟು 622 ಕಿಲೋ ಮೀರುವಂತಿಲ್ಲ. ಖಾಲಿ ತೂಕವೇ ಸುಮಾರು 400. 90 ಕಿಲೋದ ಇಬ್ಬರು ಕೂತರೆ ಪೆಟ್ರೋಲಿಗೆ ಉಳಿಯುವುದು 42 ಕಿಲೋ, ಅಂದರೆ 58 ಲೀಟರ್ ಆಸುಪಾಸು. ಗಂಟೆಗೆ 34 ಲೀಟರ್ ಕುಡಿದರೆ ಒಂದೂ ಮುಕ್ಕಾಲು ಗಂಟೆ, ಅದರಲ್ಲಿ ಮೀಸಲು ತೆಗೆದಿಟ್ಟರೆ ಇನ್ನೂ ಕಡಿಮೆ. ಜೊತೆಗೆ ಸೀಟಿನ ಮಿತಿ 109 ಕಿಲೋ, ಸೀಟಿನ ಕೆಳಗಿನ ಚೀಲವೂ ಸೇರಿ. ಬೇಸಿಗೆಯ ಮಧ್ಯಾಹ್ನ, ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿ ಈ ಲೆಕ್ಕವೂ ಕೈಕೊಡುತ್ತದೆ.

ಸಂಸಾರವಂದಿಗರಿಗೆ ಆರ್44. ಅದರ ರೇವನ್ 1 ಮಾದರಿಯಲ್ಲಿ ಕಾರ್ಬುರೇಟರ್ ಇದೆ, ತೇವದ ತಂಪು ಗಾಳಿಯಲ್ಲಿ ಅದರೊಳಗೆ ಐಸ್ ಕಟ್ಟುವ ಅಪಾಯವನ್ನು ಗಮನದಲ್ಲಿಡಬೇಕು. 2002ರಲ್ಲಿ ಬಂದ ರೇವನ್ 2ರಲ್ಲಿ ಫ್ಯೂಯಲ್ ಇಂಜೆಕ್ಷನ್, ಒಟ್ಟು ತೂಕ 1134 ಕಿಲೋ. ಎತ್ತರದ ಬಿಸಿ ನಾಡಿನಲ್ಲಿ ಇರುವವರು ರೇವನ್ 2 ಹುಡುಕುವುದು ಒಳ್ಳೆಯದು. ಪೆಟ್ರೋಲು ಗಂಟೆಗೆ 60 ಲೀಟರ್ ಹತ್ತಿರ.

ರಾಬಿನ್ಸನ್ ಅಪಾಯಕಾರಿ ಅಂತ ಹೆಂಡತಿ ಎಲ್ಲೋ ಓದಿದ್ದಾರೆ. ಏನು ಹೇಳಲಿ?

ಅವರು ಓದಿದ್ದು ಸುಳ್ಳಲ್ಲ, ಅದನ್ನು ಬಚ್ಚಿಡಬೇಡಿ. ಇದರ ರೋಟರ್ ಹಗುರ. ಎಂಜಿನ್ ನಿಂತರೆ ಕಲೆಕ್ಟಿವ್ ಇಳಿಸಲು ಸಿಗುವುದು ಒಂದೆರಡು ಸೆಕೆಂಡ್. ಎರಡು ಬ್ಲೇಡಿನ ರೋಟರ್ ಆದ್ದರಿಂದ, ಸ್ಟಿಕ್ಕನ್ನು ಮುಂದಕ್ಕೆ ಜೋರಾಗಿ ತಳ್ಳಿ ಮೈ ಹಗುರವಾದಂತೆ ಅನ್ನಿಸಿದಾಗ ತಪ್ಪು ಕಡೆಗೆ ಸ್ಟಿಕ್ ಎಳೆದರೆ, ರೋಟರ್ ತನ್ನನ್ನು ಹೊತ್ತು ತಿರುಗುವ ಕಂಬಕ್ಕೆ ಬಡಿಯುತ್ತದೆ. ಅದಕ್ಕೇ 1995ರಲ್ಲಿ ಎಫ್‌ಎಎ ಈ ಎರಡು ಯಂತ್ರಗಳಿಗೆಂದೇ ವಿಶೇಷ ತರಬೇತಿಯ ನಿಯಮ ತಂದಿತು. ಆ ಪಾಠವನ್ನು ಸಹಿಗಾಗಿ ಮಾಡಬೇಡಿ, ಬಲ್ಲ ಗುರುವಿನ ಹತ್ತಿರ ಮನಸಿಟ್ಟು ಕಲಿಯಿರಿ. ಗಾಳಿ ಎದ್ದ ದಿನ ಹಾರದೆ ಮನೆಯಲ್ಲಿ ಕೂರುವ ಪೈಲಟ್ ಆದರೆ ಹೆಂಡತಿಯ ಭಯ ಅರ್ಧ ಕಡಿಮೆಯಾಗುತ್ತದೆ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ನಿಮ್ಮ ಹೆಸರಿನಲ್ಲಿ ಅಮೆರಿಕದ ಎನ್ ನಂಬರ್ ರಿಜಿಸ್ಟ್ರೇಷನ್ ಆಗುವುದಿಲ್ಲ. ಅದಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ನಮ್ಮವರಲ್ಲಿ ಅನೇಕರು ಅಡ್ವಾನ್ಸ್ ಕೊಟ್ಟ ಮೇಲೆ ಈ ವಿಷಯ ತಿಳಿದು ಪೇಚಾಡಿದ್ದಾರೆ. ಅಮೆರಿಕದ ಪ್ರಜೆ ಟ್ರಸ್ಟಿಯಾಗಿರುವ ಟ್ರಸ್ಟಿನ ಹೆಸರಿನಲ್ಲಿ ರಿಜಿಸ್ಟರ್ ಮಾಡಿಸುವ ದಾರಿಯಿದೆ. ವರ್ಷವರ್ಷವೂ ಅದಕ್ಕೆ ಶುಲ್ಕ, ಮತ್ತು ವಿಮಾನಯಾನದ ವಕೀಲರೇ ಬೇಕು. ಹೊಸ ತರಬೇತಿಗೆ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಅನುಮತಿಯೂ ಬೇಕಾಗಬಹುದು, ಮೊದಲೇ ಶಾಲೆಯಲ್ಲಿ ವಿಚಾರಿಸಿ. ಗ್ರೀನ್ ಕಾರ್ಡ್ ಒಂದೆರಡು ವರ್ಷದಲ್ಲಿ ಬರುವ ಹಾಗಿದ್ದರೆ ಅಲ್ಲಿಯವರೆಗೆ ಬಾಡಿಗೆಗೆ ಹಾರಿಸಿ.

ದುಡ್ಡು ಹೇಗೆ ಕೊಡುವುದು?

ಮಾರುವವರ ಖಾತೆಗೆ ನೇರವಾಗಿ ಬೇಡ. ಓಕ್ಲಹೋಮಾ ಸಿಟಿಯಲ್ಲಿ ಎಫ್‌ಎಎ ರಿಜಿಸ್ಟ್ರಿ ಇದೆ, ಅದರ ಸುತ್ತಮುತ್ತ ಟೈಟಲ್ ಹುಡುಕುವ, ಎಸ್ಕ್ರೋ ನಡೆಸುವ ಕಂಪನಿಗಳಿವೆ. ಯಂತ್ರದ ಮೇಲೆ ಬ್ಯಾಂಕ್ ಸಾಲ ಅಥವಾ ಮೆಕ್ಯಾನಿಕ್ಕಿನ ಬಾಕಿ ಇದೆಯೇ ಅಂತ ಅವರು ನೋಡುತ್ತಾರೆ. ದುಡ್ಡು ಅವರ ಬಳಿ ಇರುತ್ತದೆ, ಸೇಲ್ ಬಿಲ್ಲೂ ರಿಜಿಸ್ಟ್ರೇಷನ್ ಅರ್ಜಿಯೂ ಸರಿಯಿದ್ದಾಗ ಕೈಬದಲಾಗುತ್ತದೆ. ಪ್ರೀ-ಬೈ ತೃಪ್ತಿಕರವಾಗದಿದ್ದರೆ ಅಡ್ವಾನ್ಸ್ ವಾಪಸ್ ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು.

ವಿಮೆ?

ಬೆಲೆ ಮಾತಾಡುವ ಮುಂಚೆಯೇ ವಿಮೆಯವರಿಗೆ ಫೋನ್ ಮಾಡಿ. ಕಡಿಮೆ ಗಂಟೆಯ ಪೈಲಟ್‌ಗೆ ಕೆಲವರು ವಿಮೆ ಕೊಡುವುದೇ ಇಲ್ಲ, ಕೊಟ್ಟರೂ ಇಷ್ಟು ಗಂಟೆ ಗುರುವಿನ ಜೊತೆ ಹಾರಬೇಕೆಂಬ ಷರತ್ತು ಹಾಕುತ್ತಾರೆ.

ಹೆಲಿಕಾಪ್ಟರ್ ಶಾಲೆಗೆ ಬಾಡಿಗೆಗೆ ಬಿಟ್ಟರೆ ಖರ್ಚು ಹುಟ್ಟುತ್ತದೆ ಅನ್ನುತ್ತಾರೆ?

ಗಂಟೆಗಳು ಕರಗುವ ವೇಗ ನೋಡಿ ಆಮೇಲೆ ಹೇಳಿ. ಶಾಲೆ ಕೊಡುವ ದುಡ್ಡಿನಲ್ಲಿ ಓವರ್‌ಹಾಲಿನ ಪಾಲು ತೆಗೆದಿಟ್ಟು ಉಳಿದದ್ದೇ ಲಾಭ. ಬಹಳ ಜನ ಆ ಪಾಲನ್ನೂ ಖರ್ಚು ಮಾಡಿ, 2200 ಮುಗಿದ ದಿನ ಯಂತ್ರವನ್ನು ಬಂದ ಬೆಲೆಗೆ ಮಾರಿದ್ದನ್ನು ಕಂಡಿದ್ದೇನೆ.

ಸೀಸದ ಪೆಟ್ರೋಲು ನಿಂತುಹೋಗುತ್ತದಂತಲ್ಲ?

ಈ ಎಂಜಿನ್‌ಗಳು ಕುಡಿಯುವುದು 100ಎಲ್‌ಎಲ್, ಅದರಲ್ಲಿ ಸೀಸವಿದೆ. ಅಮೆರಿಕದ ಉದ್ಯಮ ಮತ್ತು ಎಫ್‌ಎಎ 2030ರ ಕೊನೆಯೊಳಗೆ ಸೀಸ ಬಿಡುವ ಗುರಿ ಇಟ್ಟುಕೊಂಡಿವೆ. ಕ್ಯಾಲಿಫೋರ್ನಿಯಾ 2031ರಿಂದ ಮಾರಾಟವನ್ನೇ ನಿಷೇಧಿಸಿದೆ. ಬದಲಿ ಇಂಧನ ಬರುತ್ತದೆ, ಅದಕ್ಕೆ ಹೆದರಿ ಕೊಳ್ಳುವುದನ್ನು ಬಿಡಬೇಕಿಲ್ಲ.

ಇಲ್ಲಿ ಕೊಂಡು ಊರಿಗೆ ಸಾಗಿಸಿದರೆ? ಕೊಡಗಿನಲ್ಲಿ ತೋಟವಿದೆ, ಇಳಿಯಲು ಜಾಗವಿದೆ.

ಈ ಆಸೆ ನನಗೂ ಅರ್ಥವಾಗುತ್ತದೆ. ಆದರೂ ಬೇಡ ಅಂತಲೇ ಹೇಳುತ್ತೇನೆ. ಆಮದಿಗೆ ಭಾರತದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಒಪ್ಪಿಗೆ ಬೇಕು, ಯಂತ್ರದ ವಯಸ್ಸನ್ನೂ ಅವರು ನೋಡುತ್ತಾರೆ. ವಿಟಿ ಅಂತ ಶುರುವಾಗುವ ಭಾರತದ ರಿಜಿಸ್ಟ್ರೇಷನ್ ನಂಬರು, ಭಾರತದ ಏರ್‌ವರ್ದಿನೆಸ್ ಸರ್ಟಿಫಿಕೇಟು, ನಿಮ್ಮ ಲೈಸೆನ್ಸನ್ನು ಭಾರತದ್ದಾಗಿ ಮಾಡಿಸುವುದು, ಸಹಿ ಹಾಕಲು ಅಧಿಕಾರವಿರುವ ಎಂಜಿನಿಯರ್, ಒಂದೊಂದೂ ತಿಂಗಳುಗಟ್ಟಲೆ ಕೆಲಸ. ಅಲ್ಲಿ ಹೆಲಿಕಾಪ್ಟರ್ ಅಂದರೆ ಹೆಚ್ಚಾಗಿ ಟರ್ಬೈನ್, ಅದಕ್ಕೆ ಎಟಿಎಫ್, ಅಂದರೆ ಜೆಟ್ ಇಂಧನ. ನಮಗೆ ಬೇಕಾದ ಏವ್‌ಗ್ಯಾಸ್ (ವಿಮಾನದ ಪೆಟ್ರೋಲು) ಬಹುಕಾಲ ಹೊರದೇಶದಿಂದಲೇ ಬರುತ್ತಿತ್ತು. ಇಂಡಿಯನ್ ಆಯಿಲ್ ತನ್ನ ಗುಜರಾತ್ ರಿಫೈನರಿಯಲ್ಲಿ ತಯಾರಿಸಿದ್ದನ್ನು ಬಿಡುಗಡೆ ಮಾಡಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಜಕ್ಕೂರಿನಂಥ ತರಬೇತಿ ಕೇಂದ್ರಗಳಿಗೆ ಬೇಕಾಗುವ ಇಂಧನ ಅದು, ತೋಟದ ಬಾಗಿಲಿಗೆ ಬರುವಂಥದ್ದಲ್ಲ. ಬೆಂಗಳೂರಿನ ಮೇಲಿನ ಆಕಾಶದಲ್ಲಿ ಎಚ್‌ಎಎಲ್, ಯಲಹಂಕ ಎರಡೂ ಇವೆ, ಹೋಗಿಬರಲು ಪ್ರತಿ ಸಲ ಅನುಮತಿ. ಮಡಿಕೇರಿಯ ಸುತ್ತ ಸಾವಿರ ಮೀಟರ್ ಮೀರಿದ ಎತ್ತರ, ವರ್ಷದ ನಾಲ್ಕು ತಿಂಗಳು ಮಳೆ ಮತ್ತು ಮಂಜು. ಕ್ಯಾಮ್‌ಶಾಫ್ಟಿಗೆ ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನೆ.

ಕೊಂಡಾಯಿತು. ಮೊದಲು ಏನು ಮಾಡಲಿ?

ಮೊದಲ ಹಾರಾಟ ಗುರುವಿನ ಜೊತೆ, ಬೇರೆ ಯಾರನ್ನೂ ಕೂರಿಸದೆ. ಮೊದಲ 25 ಗಂಟೆಗೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಫಿಲ್ಟರ್ ಕತ್ತರಿಸಿ ನೋಡಿಸಿ, ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಮುಂದಿನ ರಿಪೋರ್ಟುಗಳನ್ನೆಲ್ಲ ಇದರ ಪಕ್ಕದಲ್ಲಿಟ್ಟು ಹೋಲಿಸಬೇಕು, ಜೋಪಾನ. ಓವರ್‌ಹಾಲಿಗೆಂದು ಬೇರೆ ಬ್ಯಾಂಕ್ ಖಾತೆ ತೆರೆದು, ಪ್ರತಿ ತಿಂಗಳೂ, ಹಾರದ ತಿಂಗಳಲ್ಲೂ ದುಡ್ಡು ಹಾಕಿ. ಲಾಗ್‌ಬುಕ್ಕುಗಳನ್ನು ಹೆಲಿಕಾಪ್ಟರಿನಲ್ಲಿ ಇಡಬೇಡಿ. ಮನೆಯಲ್ಲಿ ಬೆಂಕಿ ತಾಗದ ಪೆಟ್ಟಿಗೆಯಲ್ಲಿಡಿ, ಸ್ಕ್ಯಾನ್ ಇನ್ನೊಂದು ಕಡೆ ಇರಲಿ. ಎರಡು ವಾರಕ್ಕೊಮ್ಮೆಯಾದರೂ ಒಂದು ಗಂಟೆ ಹಾರಿಸಿ. ಆಗದ ಕಾಲ ಬಂದರೆ ಮೆಕ್ಯಾನಿಕ್ಕಿಗೆ ಹೇಳಿ ಎಂಜಿನ್ನಿಗೆ ತುಕ್ಕು ತಡೆಯುವ ಆಯಿಲ್ ಹಾಕಿಸಿ ನಿಲ್ಲಿಸಿ.